ಹೆಲ್ಮೆಟ್ ಪಟ್ಟಿಯಡಿಯ ಮೊಡವೆ

ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ದಿನವೂ ಸ್ಕೂಟರಿನಲ್ಲಿ ಕಚೇರಿಗೆ ಹೋಗುವ ನನಗೆ ಕಳೆದ ಬೇಸಿಗೆಯಲ್ಲಿ ಮೊಡವೆಗಳು ಎದ್ದದ್ದು ಗದ್ದದ ಕೆಳಗೆ, ಸರಿಯಾಗಿ ಹೆಲ್ಮೆಟ್ಟಿನ ಪಟ್ಟಿ ಉಜ್ಜುವ ಜಾಗದಲ್ಲಿ. ಬೆವರು, ಶಾಖ ಮತ್ತು ಸತತ ಘರ್ಷಣೆಯಿಂದ ರೋಮರಂಧ್ರಗಳ ಬಾಯಿ ಕಟ್ಟಿಕೊಂಡು, ಒಳಗೆ ಚರ್ಮದ ಜಿಡ್ಡೂ ಸತ್ತ ಜೀವಕೋಶಗಳೂ ಶೇಖರವಾದಾಗ ಮೊಡವೆ ಏಳುತ್ತದೆ ಎಂಬುದು ಚರ್ಮವೈದ್ಯರು ವಿವರಿಸಿದ ಮೇಲಷ್ಟೇ ನನಗೆ ತಿಳಿಯಿತು. ಅಲ್ಲಿಯವರೆಗೆ ದಿನಕ್ಕೆ ಐದಾರು ಬಾರಿ ಸೋಪು ಹಚ್ಚಿ ಮುಖ ತಿಕ್ಕುತ್ತಿದ್ದೆ. ಚರ್ಮ ಒಣಗಿ ಉರಿಯುತ್ತಿತ್ತೇ ಹೊರತು ಮೊಡವೆ ಒಂದೂ ಕಡಿಮೆಯಾಗಲಿಲ್ಲ.

ಈಗ ಬೆಳಿಗ್ಗೆ, ರಾತ್ರಿ ಮತ್ತು ಬೆವರಿದ ಮೇಲೆ ಮಾತ್ರ ಸೌಮ್ಯವಾದ ಫೇಸ್‌ವಾಶ್ ಬಳಸಿ, ಬೆರಳ ತುದಿಯಿಂದ ಹಗುರವಾಗಿ ತೊಳೆದು, ರಂಧ್ರ ಮುಚ್ಚದ ತೆಳುವಾದ ಮಾಯಿಶ್ಚರೈಸರ್ ಹಚ್ಚುತ್ತೇನೆ. ಭಾನುವಾರ ಹೆಲ್ಮೆಟ್ಟಿನ ಒಳಪದರವನ್ನು ಬಿಚ್ಚಿ ನೆನೆಹಾಕಿದರೆ ಬಕೆಟ್ಟಿನ ನೀರು ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಅಷ್ಟನ್ನೂ ವಾರವಿಡೀ ಗದ್ದಕ್ಕೆ ಕಟ್ಟಿಕೊಂಡು ತಿರುಗಿದ್ದೆನಲ್ಲ ಎಂದು ಹೇಸಿಗೆಯೆನಿಸುತ್ತದೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಹಣೆಗೆ ಇಳಿದರೂ ಮೊಡವೆ ಹೆಚ್ಚಬಹುದೆಂಬ ಮಾತನ್ನು ಅಮ್ಮ ಇನ್ನೂ ಒಪ್ಪಿಲ್ಲ.

ವೈದ್ಯರು ಬರೆದುಕೊಟ್ಟ ಶೇಕಡಾ 2.5ರ ಬೆಂಜಾಯ್ಲ್ ಪೆರಾಕ್ಸೈಡ್ ಜೆಲ್ ಪರಿಣಾಮ ತೋರಲು ಸುಮಾರು ಎರಡು ತಿಂಗಳು ಹಿಡಿಯಿತು. ಅದು ಬಟ್ಟೆಯ ಬಣ್ಣವನ್ನು ತೆಗೆಯುತ್ತದೆಂದು ತಿಳಿಯುವಷ್ಟರಲ್ಲಿ ನನ್ನ ನೀಲಿ ಟವೆಲ್ಲಿನ ತುಂಬ ಬಿಳಿ ಮಚ್ಚೆಗಳಾಗಿದ್ದವು.