ಷರಾ ಓದದ ಕಂಪ್ಯೂಟರ್ ಏನು ಹೇಳೀತು?

ನಾನು ತಾಲ್ಲೂಕು ನ್ಯಾಯಾಲಯವೊಂದರ ಸಿವಿಲ್ ಶಾಖೆಯ ಗುಮಾಸ್ತೆ. ಕಲಾಪ ಮುಗಿದ ಮೇಲೆ ಆ ದಿನದ ಪ್ರತಿ ಪ್ರಕರಣ ಯಾವ ಹಂತದಲ್ಲಿದೆ, ಮುಂದಿನ ದಿನಾಂಕ ಯಾವುದು ಎಂಬುದನ್ನು ನ್ಯಾಯಾಲಯಗಳ ಪ್ರಕರಣ ಮಾಹಿತಿ ತಂತ್ರಾಂಶವಾದ ಸಿಐಎಸ್‌ಗೆ ತುಂಬುತ್ತೇನೆ. ಅಲ್ಲಿಂದ ಅದು 2015ರಲ್ಲಿ ಆರಂಭವಾದ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲಕ್ಕೆ ಸೇರುತ್ತದೆ. ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿ 4 ಕೋಟಿಗೂ ಹೆಚ್ಚು ಪ್ರಕರಣಗಳು ಬಾಕಿ ಇವೆ ಎಂಬ ಲೆಕ್ಕ ಸಿಗುವುದು ಅಲ್ಲಿಯೇ.

ಈಗ ಎಲ್ಲರ ಬಾಯಲ್ಲೂ ಕೃತಕ ಬುದ್ಧಿಮತ್ತೆ. ನ್ಯಾಯಾಲಯಗಳನ್ನು ಗಣಕೀಕರಿಸುವ ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ 2023ರಲ್ಲಿ ಒಪ್ಪಿಗೆಯಾದ 7,210 ಕೋಟಿ ರೂಪಾಯಿಯಲ್ಲಿ 53.57 ಕೋಟಿ ಇಂಥ ಹೊಸ ತಂತ್ರಜ್ಞಾನಕ್ಕೆ ಮೀಸಲು. ತೀರ್ಪುಗಳ ಅನುವಾದಕ್ಕೆ ಸುಪ್ರೀಂ ಕೋರ್ಟಿನ ‘ಸುವಾಸ್’ 2019ರಿಂದಲೇ ಇದೆ. ಇವೆಲ್ಲ ಬೇಕು. ಆದರೆ ನಮ್ಮ ಕಕ್ಷಿದಾರರು ವರ್ಷಗಟ್ಟಲೆ ಅಲೆಯುವುದು ತೀರ್ಪಿಗೂ ಬಹಳ ಹಿಂದೆ, ಸಮನ್ಸ್ ಜಾರಿಯ, ಅಂದರೆ ಪ್ರತಿವಾದಿಗೆ ಕೋರ್ಟಿನ ಕರೆ ಮುಟ್ಟಿಸುವ ಹಂತದಲ್ಲಿ.

ಆಸ್ತಿಯಲ್ಲಿ ಪಾಲು ಕೇಳುವ ವಿಭಾಗದ ದಾವೆಗಳನ್ನೇ ನೋಡಿ. ಅಜ್ಜನ ಕಾಲದ ಜಮೀನು, ಮೂರು ತಲೆಮಾರಿನ ಪಾಲುದಾರರು, ಹದಿನೈದು ಇಪ್ಪತ್ತು ಪ್ರತಿವಾದಿಗಳು. ಒಬ್ಬರಿಗೆ ಸಮನ್ಸ್ ಮುಟ್ಟದಿದ್ದರೂ ದಾವೆ ಮುಂದೆ ಸಾಗುವುದಿಲ್ಲ. ಸರಿಯಾಗಿ ಜಾರಿಯಾಗದೆ ಪ್ರತಿವಾದಿಯ ಗೈರುಹಾಜರಿಯಲ್ಲೇ ಏಕಪಕ್ಷೀಯ ಡಿಕ್ರಿಯಾದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ 13ನೇ ನಿಯಮದಡಿ ಅದನ್ನು ರದ್ದುಪಡಿಸಲು ಕೇಳಬಹುದು. ಪಟ್ಟ ಶ್ರಮವೆಲ್ಲ ನೀರುಪಾಲು.

ಮರಳಿ ಬಂದ ಸಮನ್ಸಿನ ಮೇಲೆ, ಅದನ್ನು ಮುಟ್ಟಿಸಲು ಹೋದ ಕೋರ್ಟ್ ಸಿಬ್ಬಂದಿ ಅಮೀನರ ಷರಾ, ಅಂದರೆ ಕೈಬರಹದ ಟಿಪ್ಪಣಿ ಇರುತ್ತದೆ. ‘ಮನೆಗೆ ಬೀಗ ಹಾಕಿದೆ.’ ‘ಈ ಹೆಸರಿನವರು ಗ್ರಾಮದಲ್ಲಿ ಇಬ್ಬರಿದ್ದು, ತಂದೆಯ ಹೆಸರು ತಾಳೆಯಾಗುವುದಿಲ್ಲ.’ ‘ಊರು ಬಿಟ್ಟು ಮಗನ ಮನೆಯಲ್ಲಿದ್ದಾರೆಂದು ನೆರೆಯವರು ತಿಳಿಸಿದರು.’ ‘ಮೃತರಾಗಿದ್ದಾರೆ.’ ನಾಲ್ಕಕ್ಕೂ ಬೇರೆ ಬೇರೆ ದಾರಿ. ಕೊನೆಯದಂತೂ ಅತ್ಯಂತ ತುರ್ತಿನದು: ದಾವೆ ನಡೆಯುತ್ತಿರುವಾಗ ಪ್ರತಿವಾದಿ ತೀರಿಕೊಂಡರೆ, ಸಾವಿನ ದಿನದಿಂದ 90 ದಿನದೊಳಗೆ ವಾರಸುದಾರರನ್ನು ಸೇರಿಸಲು ಅರ್ಜಿ ಹಾಕಬೇಕು. ಇಲ್ಲವಾದರೆ ಅವರ ಮಟ್ಟಿಗೆ ದಾವೆ ಬಿದ್ದುಹೋಗಬಹುದು. ಆದರೂ ಕಂಪ್ಯೂಟರಿನಲ್ಲಿ ನಾಲ್ಕೂ ‘ಜಾರಿಯಾಗಿಲ್ಲ’ ಎಂದೇ ಕೂರುತ್ತಿದ್ದವು. ತೀರಿಕೊಂಡವರ ಹೆಸರಿಗೆ, ಅದೇ ವಿಳಾಸಕ್ಕೆ, ಪುನಃ ಸಮನ್ಸ್ ಹೊರಡುತ್ತಿತ್ತು.

‘ಷರಾ ಓದದೆ ಹಂತ ತುಂಬಬೇಡಮ್ಮ’ ಎಂದು ನಮ್ಮ ಶಿರಸ್ತೇದಾರರು ಹೇಳಿದ್ದು ನನ್ನ ಕೆಲಸದ ರೀತಿಯನ್ನೇ ಬದಲಿಸಿತು. ಅವರ ಸೂಚನೆಯಂತೆ ಷರಾಗಳನ್ನು ಕಾರಣವಾರು ವಿಂಗಡಿಸಿ ಬೇರೆ ಪಟ್ಟಿ ಮಾಡಿದೆವು. ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ವಿಳಾಸದ ದೋಷ. ದಾವೆ ದಾಖಲಾಗುವ ದಿನವೇ ಹೋಬಳಿ, ತಂದೆಯ ಅಥವಾ ಗಂಡನ ಹೆಸರು, ಮೊಬೈಲ್ ಸಂಖ್ಯೆ ಕೇಳಿ ಪಡೆದಿದ್ದರೆ ತಪ್ಪುತ್ತಿದ್ದ ಅಲೆದಾಟ ಅದು. ಈಗ ಕೌಂಟರಿನಲ್ಲೇ ಕೇಳುತ್ತೇವೆ.

ಕೃತಕ ಬುದ್ಧಿಮತ್ತೆಯ ವಿಚಾರಕ್ಕೆ ಇದು ನೇರವಾಗಿ ತಾಗುತ್ತದೆ. ಬರೀ ‘ಜಾರಿಯಾಗಿಲ್ಲ’ ಎಂಬ ದತ್ತಾಂಶ ಕೊಟ್ಟರೆ ಯಂತ್ರ ಕಲಿಯುವುದು ಇಷ್ಟೇ: ವಿಭಾಗದ ದಾವೆ ತಡವಾಗುತ್ತದೆ. ಅದು ಊರಿಗೆಲ್ಲ ಗೊತ್ತು. ಷರಾ ಸಮೇತ ಕೊಟ್ಟರೆ, ‘ಈ ದಾವೆಯಲ್ಲಿ ಮೂರನೇ ಪ್ರತಿವಾದಿ ತೀರಿಕೊಂಡಿದ್ದಾರೆ, ಅವಧಿ ಮುಗಿಯುತ್ತಾ ಬಂದಿದೆ’ ಎಂದು ಬೆಳಗಿನ ಪಟ್ಟಿಯಲ್ಲೇ ಮೇಲೆ ತಂದು ತೋರಿಸಬಹುದು. ಕೈಬರಹದ ಕನ್ನಡ ಷರಾ ಓದಿ ವಿಂಗಡಿಸುವ ಯಂತ್ರ ಬಂದರೆ ನಾನು ಮನಸಾರೆ ಸ್ವಾಗತಿಸುತ್ತೇನೆ. ಅಮೀನರು ಸ್ಥಳದಿಂದಲೇ ವಿವರ ಕಳುಹಿಸಲು ‘ಎನ್‌ಸ್ಟೆಪ್’ ಎಂಬ ಮೊಬೈಲ್ ಆ್ಯಪ್ ಹೇಗೂ ಇದೆ.

ತೀರ್ಮಾನ ಮಾತ್ರ ನ್ಯಾಯಾಧೀಶರದ್ದೇ ಆಗಿರಬೇಕು. ತೀರ್ಪು, ಆದೇಶಗಳನ್ನು ಕೃತಕ ಬುದ್ಧಿಮತ್ತೆಯಿಂದ ನಿರ್ಧರಿಸಕೂಡದೆಂದು ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ಜಿಲ್ಲಾ ನ್ಯಾಯಾಂಗಕ್ಕೆ ನೀತಿ ರೂಪಿಸಿತು. ನನಗೆ ಅದು ಪೂರ್ತಿ ಒಪ್ಪಿಗೆ. ನನ್ನ ಆತಂಕ ಇನ್ನೂ ಒಂದಿದೆ. ಬೇಗ ಮುಗಿಯುವ ಪ್ರಕರಣಗಳನ್ನು ಯಂತ್ರ ಮುಂದೆ ತಳ್ಳುತ್ತಾ ಹೋದರೆ, ಇಪ್ಪತ್ತು ಪ್ರತಿವಾದಿಗಳ ಎದುರು ಒಬ್ಬಳೇ ನಿಂತ ವಿಧವೆಯ ದಾವೆ ಪಟ್ಟಿಯ ತಳದಲ್ಲೇ ಉಳಿಯುತ್ತದೆ. ಹಾಗಾಗಿ ನಮ್ಮಲ್ಲಿ ಹಳೆಯ ಷರಾಗಳ ವಿಂಗಡಣೆಯನ್ನು ಐದು ವರ್ಷ ದಾಟಿದ ದಾವೆಗಳಿಂದಲೇ ಶುರುಮಾಡಿದ್ದೇವೆ. ‘ಮೃತರಾಗಿದ್ದಾರೆ’ ಎಂದು ಬರೆಯುವಾಗ ಸಾವಿನ ದಿನಾಂಕವನ್ನೂ ವಿಚಾರಿಸಿ ಬರೆಯುವಂತೆ ಅಮೀನರನ್ನು ಕೇಳಿಕೊಂಡಿದ್ದೇವೆ.