ಮೆಕ್ಲೇನ್ ಕೌಂಟಿಯಲ್ಲಿ ಮನೆ ಕೊಳ್ಳುವ ಮುಂಚೆ ತೆರಿಗೆ ಬಿಲ್ ತೆರೆದು ನೋಡಿ

ಶಿಕಾಗೋ ಉಪನಗರಗಳ ಬೆಲೆ ನೋಡಿ ಬಂದವರಿಗೆ ಇಲಿನಾಯ್‌ನ ಮೆಕ್ಲೇನ್ ಕೌಂಟಿಯ ಮನೆಗಳು ಅಗ್ಗವಾಗಿ ಕಾಣುತ್ತವೆ. ಬ್ಲೂಮಿಂಗ್ಟನ್–ನಾರ್ಮಲ್ ಜೋಡಿ ಊರಿಗೆ ಐಟಿ ಕೆಲಸದ ಮೇಲೆ ಬರುವ ಕನ್ನಡಿಗರ ಲೆಕ್ಕವೂ ಸಾಮಾನ್ಯವಾಗಿ ಹೀಗೇ ಸಾಗುತ್ತದೆ: ಬಾಡಿಗೆ ಇಷ್ಟು, ಸಾಲದ ಕಂತು ಇಷ್ಟು, ಹಾಗಾದರೆ ಕೊಂಡುಬಿಡೋಣ. ಇದರಲ್ಲಿ ಎರಡು ವಿಷಯ ಬಿಟ್ಟುಹೋಗುತ್ತವೆ. ಒಂದು ಆಸ್ತಿ ತೆರಿಗೆ. ಇನ್ನೊಂದು, ಇಲ್ಲಿನ ಮನೆ ಮಾರುಕಟ್ಟೆ ಎರಡು ಕಂಪನಿಗಳ ಮೇಲೆ ಎಷ್ಟು ಭಾರ ಹಾಕಿ ಕೂತಿದೆ ಎಂಬುದು.

ಎರಡನೆಯದನ್ನೇ ಮೊದಲು ನೋಡೋಣ. ವಿಮೆ ಕಂಪನಿ ಸ್ಟೇಟ್ ಫಾರ್ಮ್ 1922ರಲ್ಲಿ ಹುಟ್ಟಿದ್ದೇ ಬ್ಲೂಮಿಂಗ್ಟನ್‌ನಲ್ಲಿ. ಇಂದಿಗೂ ಕೇಂದ್ರ ಕಚೇರಿ ಇಲ್ಲೇ ಇದೆ. ಆದರೆ ಕಳೆದ ದಶಕದಲ್ಲಿ ಅದು ಡಲ್ಲಾಸ್, ಅಟ್ಲಾಂಟಾ, ಫೀನಿಕ್ಸ್ ಹತ್ತಿರ ದೊಡ್ಡ ಕ್ಯಾಂಪಸ್‌ಗಳನ್ನು ಕಟ್ಟಿತು. ಅದೇ ಹೊತ್ತಿಗೆ, 2015ರ ನವೆಂಬರ್‌ನಲ್ಲಿ, ನಾರ್ಮಲ್‌ನ ಮಿತ್ಸುಬಿಷಿ ಕಾರ್ಖಾನೆ ಕಾರು ತಯಾರಿಸುವುದನ್ನು ನಿಲ್ಲಿಸಿತು. ಮನೆ ಕಟ್ಟುವವರು ಕೈಕಟ್ಟಿ ಕೂತರು. 2017ರಲ್ಲಿ ಎಲೆಕ್ಟ್ರಿಕ್ ವಾಹನ ತಯಾರಿಸುವ ರಿವಿಯನ್ ಆ ಖಾಲಿ ಕಾರ್ಖಾನೆಯನ್ನು 1.6 ಕೋಟಿ ಡಾಲರ್‌ಗೆ ಕೊಂಡಿತು, 2021ರ ಸೆಪ್ಟೆಂಬರ್‌ನಲ್ಲಿ ಮೊದಲ ಗಾಡಿಗಳು ಹೊರಬಂದವು, ಸಾವಿರಾರು ಜನ ಕೆಲಸಕ್ಕೆ ಸೇರಿದರು. ಅವರಿಗೆ ಬೇಕಾದ ಮನೆಗಳು ಮಾತ್ರ ಕಟ್ಟಿರಲಿಲ್ಲ. ಮೇಲಿಂದ, 2021ರಲ್ಲಿ ಶೇ 3ರ ಬಡ್ಡಿಗೆ ಸಾಲ ಪಡೆದವರು 2023ರ ಅಕ್ಟೋಬರ್‌ನಲ್ಲಿ ಬಡ್ಡಿ ಶೇ 8ರ ಹತ್ತಿರ ಹೋದಾಗ ಮನೆ ಮಾರಲು ಮನಸ್ಸು ಮಾಡಲಿಲ್ಲ. ಬೆಲೆ ಏರಿದ್ದರ ಹಿಂದೆ ಇರುವುದು ಮುಖ್ಯವಾಗಿ ಈ ಕೊರತೆ.

ಮುಂದೆ? 2024ರಲ್ಲಿ ರಿವಿಯನ್ ಜಾರ್ಜಿಯಾ ಕಾರ್ಖಾನೆಯ ಕೆಲಸ ತಡೆಹಿಡಿದು, ಆರ್2 ಎಂಬ ಕಡಿಮೆ ಬೆಲೆಯ ಮಾದರಿಯನ್ನು ಮೊದಲು ನಾರ್ಮಲ್‌ನಲ್ಲೇ ತಯಾರಿಸಲು ತೀರ್ಮಾನಿಸಿತು. ರಾಜ್ಯ ಸರ್ಕಾರ 82.7 ಕೋಟಿ ಡಾಲರ್‌ನ ಪ್ರೋತ್ಸಾಹಧನ ಘೋಷಿಸಿತು. ಇನ್ನೊಂದು ಕಡೆ, ಎಲೆಕ್ಟ್ರಿಕ್ ವಾಹನಗಳಿಗಿದ್ದ 7,500 ಡಾಲರ್‌ನ ಕೇಂದ್ರ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಆರ್2 ಓಡಿದರೆ ಕೊರತೆ ಇನ್ನಷ್ಟು ಬಿಗಿಯಾಗುತ್ತದೆ, ಮುಗ್ಗರಿಸಿದರೆ ಬೆಲೆ ನಿಲ್ಲುತ್ತದೆ. ಮಿತ್ಸುಬಿಷಿಯನ್ನು ಕಂಡ ಊರು ಇದು, ಬಿಲ್ಡರ್‌ಗಳ ಹಿಂಜರಿಕೆ ಸುಮ್ಮನೆ ಬಂದದ್ದಲ್ಲ. ಸುತ್ತ ಖಾಲಿ ಜಾಗವೇನೋ ಕಣ್ಣು ಹಾಯುವಷ್ಟಿದೆ, ಆದರೆ ಅದೆಲ್ಲ ಅಮೆರಿಕದ ಅತ್ಯುತ್ತಮ ಜೋಳ–ಸೋಯಾ ಭೂಮಿ. ಎಕರೆಗೆ ಹತ್ತು ಸಾವಿರ ಡಾಲರ್ ದಾಟುವ ಹೊಲಕ್ಕೆ ರಸ್ತೆ, ಒಳಚರಂಡಿ ಎಳೆದು ಸೈಟ್ ಮಾಡುವುದು ಅಗ್ಗದ ಕೆಲಸವಲ್ಲ. ಐದು ವರ್ಷಕ್ಕಿಂತ ಕಡಿಮೆ ಇರುವವರು ಇಲ್ಲಿ ಮನೆ ಕೊಳ್ಳದಿರುವುದೇ ಒಳ್ಳೆಯದು.

ಈಗ ತೆರಿಗೆ. ಮಾರುಕಟ್ಟೆ ಬೆಲೆಯ ಮೂರನೇ ಒಂದು ಭಾಗವೇ ತೆರಿಗೆಗೆ ಹಿಡಿಯುವ ಮೌಲ್ಯ. ನೀವೇ ವಾಸವಿರುವ ಮನೆಯಾದರೆ ಅದರಲ್ಲಿ 6,000 ಡಾಲರ್ ವಿನಾಯಿತಿ. 3 ಲಕ್ಷ ಡಾಲರ್‌ನ ಮನೆಗೆ ಮೌಲ್ಯ 1 ಲಕ್ಷ, ವಿನಾಯಿತಿ ಕಳೆದು 94,000. ಒಟ್ಟು ದರ ಶೇ 8.5 ಎಂದುಕೊಂಡರೆ ವರ್ಷಕ್ಕೆ 7,990, ತಿಂಗಳಿಗೆ ಸುಮಾರು 666 ಡಾಲರ್. ಶೇ 20 ಕೈಯಿಂದ ಹಾಕಿ ಉಳಿದ 2.4 ಲಕ್ಷವನ್ನು ಶೇ 6.5ಕ್ಕೆ 30 ವರ್ಷದ ಸಾಲ ಮಾಡಿದರೆ ಕಂತು 1,517. ಅಂದರೆ ಪ್ರತಿ ತಿಂಗಳು ಕಂತಿನ ಜೊತೆಗೆ ಅದರ ಶೇ 44ರಷ್ಟು ತೆರಿಗೆಯೇ ಆಯಿತು, ಸಾಲ ತೀರಿದ ಮೇಲೂ ಅದು ನಿಲ್ಲುವುದಿಲ್ಲ. ದರದ ದೊಡ್ಡ ಪಾಲು ಶಾಲಾ ಜಿಲ್ಲೆಯದು. ವಿಳಾಸ ಬ್ಲೂಮಿಂಗ್ಟನ್ ಎಂದಿದ್ದ ಮಾತ್ರಕ್ಕೆ ಮನೆ ಡಿಸ್ಟ್ರಿಕ್ಟ್ 87 ಎಂಬ ಶಾಲಾ ಜಿಲ್ಲೆಯಲ್ಲಿದೆ ಎಂದುಕೊಳ್ಳಬೇಡಿ, ಪೂರ್ವದ ಬಡಾವಣೆಗಳು ಬಹುಪಾಲು ಯುನಿಟ್ 5 ಎಂಬ ಇನ್ನೊಂದು ಶಾಲಾ ಜಿಲ್ಲೆಯಲ್ಲಿವೆ.

ಇಲ್ಲಿ ಹೆಚ್ಚು ಜನ ಎಡವುವುದು ಬಿಲ್ ಒಂದು ವರ್ಷ ತಡವಾಗಿ ಬರುವುದರಿಂದ. 2025ರ ತೆರಿಗೆ ಕಟ್ಟುವುದು 2026ರಲ್ಲಿ, ಎರಡು ಕಂತಿನಲ್ಲಿ. ಕ್ಲೋಸಿಂಗ್ ದಿನ, ಅಂದರೆ ಮನೆ ನಿಮ್ಮ ಹೆಸರಿಗೆ ಆಗುವ ದಿನ, ಮಾರುವವರು ತಮ್ಮ ಕಾಲದ ತೆರಿಗೆಯನ್ನು ನಿಮ್ಮ ಲೆಕ್ಕಕ್ಕೆ ಜಮಾ ಮಾಡುತ್ತಾರೆ, ಆದರೆ ಹಳೆಯ ಬಿಲ್ ಆಧಾರದ ಮೇಲೆ. ಅವರಿಗೆ ಹಿರಿಯ ನಾಗರಿಕರ ಮೌಲ್ಯ ಸ್ಥಗಿತ (ತೆರಿಗೆಯ ಮೌಲ್ಯ ಏರದಂತೆ ಹಿಡಿದಿಡುವ ಸೌಲಭ್ಯ) ಅಥವಾ ಮಾಜಿ ಸೈನಿಕರ ವಿನಾಯಿತಿ ಇದ್ದರೆ ಹಳೆಯ ಬಿಲ್ ತೀರಾ ಚಿಕ್ಕದಿರುತ್ತದೆ; ಜಮಾ ಆದದ್ದು ಸಾಲದೆ ಉಳಿದದ್ದು ನಿಮ್ಮ ಕೈಯಿಂದ ಹೋಗುತ್ತದೆ. ನಿಜವಾದ ಬಿಲ್ ಬಂದ ಮೇಲೆ ಮರುಲೆಕ್ಕ ಆಗಬೇಕೆಂದು ವಕೀಲರಿಂದ ಕರಾರಿನಲ್ಲೇ ಬರೆಸಿ. ಹೊಸ ಮನೆಯಾದರೆ ಇನ್ನೂ ಎಚ್ಚರ ಬೇಕು: ಮೊದಲ ಬಿಲ್ ಬರೀ ಸೈಟಿಗೆ ಬಂದಿರುತ್ತದೆ. ಬ್ಯಾಂಕ್ ಅದನ್ನೇ ನಂಬಿ ಎಸ್ಕ್ರೋ (ತೆರಿಗೆ ಕಟ್ಟಲು ಕಂತಿನ ಜೊತೆ ತಿಂಗಳು ತಿಂಗಳು ತೆಗೆದಿಡುವ ಹಣ) ಕೂಡಿಸುತ್ತದೆ, ಮನೆ ಸೇರಿದ ಬಿಲ್ ಬಂದಾಗ ತಿಂಗಳ ಕಂತು ಒಮ್ಮೆಲೇ ನೂರಾರು ಡಾಲರ್ ಜಿಗಿಯುತ್ತದೆ. ಮೌಲ್ಯಮಾಪನ ಹೆಚ್ಚಾಯಿತು ಅನ್ನಿಸಿದರೆ ಪಟ್ಟಿ ಪ್ರಕಟವಾದ 30 ದಿನದೊಳಗೆ ಕೌಂಟಿಯ ಬೋರ್ಡ್ ಆಫ್ ರಿವ್ಯೂಗೆ ಅರ್ಜಿ ಹಾಕಬೇಕು. ಇತ್ತೀಚೆಗೆ ಕೊಂಡ ಬೆಲೆಯ ದಾಖಲೆ ಒಳ್ಳೆಯ ಸಾಕ್ಷಿ.

ಇನ್ಸ್‌ಪೆಕ್ಷನ್‌ನಲ್ಲಿ ಬೇಸ್‌ಮೆಂಟ್‌ಗೆ ಹೆಚ್ಚು ಹೊತ್ತು ಕೊಡಿ. ನೆಲ ಸಪಾಟು, ನೀರು ತಾನಾಗಿ ಹರಿದುಹೋಗುವುದಿಲ್ಲ, ಸಂಪ್ ಪಂಪ್ ಎತ್ತಿ ಹಾಕಬೇಕು. ಗುಡುಗು ಮಳೆಯಲ್ಲಿ ಕರೆಂಟ್ ಹೋದರೆ ಬೇಕಾದ ಹೊತ್ತಿಗೇ ಪಂಪ್ ನಿಲ್ಲುವುದರಿಂದ ಬ್ಯಾಟರಿ ಇರುವ ಎರಡನೇ ಪಂಪ್ ಬೇಕೇ ಬೇಕು. ಚರಂಡಿ ನೀರು ಒಳನುಗ್ಗಿದ ನಷ್ಟವನ್ನು ಸಾಮಾನ್ಯ ಮನೆ ವಿಮೆ ತುಂಬುವುದಿಲ್ಲ, ಅದಕ್ಕೆ ಬೇರೆ ಕವರ್ ಸೇರಿಸಬೇಕು. ನೆಲದಿಂದ ಮೇಲೆ ಬರುವ ವಿಕಿರಣಶೀಲ ಅನಿಲವಾದ ರೇಡಾನ್‌ನ ಪರೀಕ್ಷೆ ಬಿಡಬೇಡಿ, ಈ ಭಾಗದ ಮಣ್ಣಿನಲ್ಲಿ ಅದು ಹೆಚ್ಚು. ಕಿಟಕಿ ಬಾಗಿಲು ಮುಚ್ಚಿ ಕನಿಷ್ಠ 48 ಗಂಟೆ ಅಳೆದಾಗ ಲೀಟರಿಗೆ 4 ಪಿಕೋಕ್ಯೂರಿ ಅಥವಾ ಹೆಚ್ಚು ಬಂದರೆ ನೆಲದಡಿಯಿಂದ ಸೂರಿನ ಮೇಲಕ್ಕೆ ಫ್ಯಾನ್ ಇರುವ ಪಿವಿಸಿ ಪೈಪ್ ಹಾಕಿಸಬೇಕು. ಊರಿನ ನಡುವಿನ ಹಳೆಯ ಮನೆಗಳಿಗೆ ಒಳಚರಂಡಿ ಪೈಪಿನ ಕ್ಯಾಮೆರಾ ಪರೀಕ್ಷೆಯೂ ಇರಲಿ, ಮಣ್ಣಿನ ಪೈಪಿನ ಸಂದುಗಳಲ್ಲಿ ಮರದ ಬೇರು ನುಗ್ಗಿರುತ್ತದೆ.

ಎಚ್-1ಬಿ ಕೆಲಸದ ವೀಸಾ ಮೇಲಿರುವವರು ಮಾರುವ ದಿನವನ್ನೂ ಈಗಲೇ ಲೆಕ್ಕಕ್ಕೆ ತರಬೇಕು. ಕೆಲಸ ಹೋದರೆ ಇಲ್ಲಿ ಉಳಿಯಲು ಸಿಗುವುದು ಹೆಚ್ಚೆಂದರೆ 60 ದಿನ; ಅಷ್ಟರೊಳಗೆ ಮನೆ ಮಾರಿ ಮುಗಿಸುವುದು ಕಷ್ಟ. ಭಾರತಕ್ಕೆ ಮರಳಿ ಅಮೆರಿಕದ ತೆರಿಗೆ ನಿವಾಸಿ ಸ್ಥಾನ ಕಳೆದುಕೊಂಡ ಮೇಲೆ ಮಾರಿದರೆ ಫಿರ್ಪ್ಟಾ ಎಂಬ, ವಿದೇಶಿಯರ ಆಸ್ತಿ ಮಾರಾಟದ ತೆರಿಗೆ ಕಾನೂನಿನಡಿ ಕೊಳ್ಳುವವರು ಮಾರಾಟ ಬೆಲೆಯ ಶೇ 15ರವರೆಗೆ ಹಿಡಿದು ಕೇಂದ್ರ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಕಟ್ಟಬೇಕಾಗುತ್ತದೆ. ಹಿಡಿಯುವುದು ಲಾಭದ ಮೇಲಲ್ಲ, ಪೂರ್ತಿ ಬೆಲೆಯ ಮೇಲೆ. ಬೆಲೆ 3 ಲಕ್ಷ ಡಾಲರ್ ಮೀರದೆ, ಕೊಳ್ಳುವವರು ತಾವೇ ವಾಸಿಸುವುದಾದರೆ ಈ ಕಡಿತ ಇಲ್ಲ. ಮೀರಿದರೆ ಕಡಿತ ತಗ್ಗಿಸಲು ಫಾರ್ಮ್ 8288-ಬಿ ಅರ್ಜಿಯನ್ನು ಕ್ಲೋಸಿಂಗ್ ದಿನದೊಳಗೇ ಹಾಕಿರಬೇಕು.