ತುಂಬಿದ ಡಿಶ್ ನೋಡಿ ಖುಷಿಪಟ್ಟ ಮಂಗಳವಾರ

ದಸರಾ ರಜೆ ಮುಗಿಸಿ ಮಂಗಳವಾರ ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದವಳು ಬ್ಯಾಗ್ ಸಮೇತ ಲ್ಯಾಬಿಗೇ ಬಂದಿದ್ದೆ. ಇನ್‌ಕ್ಯುಬೇಟರ್ ತೆಗೆದು, ಕೋಶ ಬೆಳೆಸಲು ಇಟ್ಟಿದ್ದ ಡಿಶ್ಶನ್ನು ಮೈಕ್ರೋಸ್ಕೋಪಿನಲ್ಲಿಟ್ಟು ನೋಡಿದರೆ ಕಣ್ಣಿಗೆ ಹಬ್ಬ. ಎಲ್ಲೂ ಸಂದಿಯಿಲ್ಲ. ಹೊಸ ಮನೆಗೆ ಟೈಲ್ಸ್ ಕೂರಿಸಿದ ಹಾಗೆ ಕೋಶಗಳು ಒಂದಕ್ಕೊಂದು ಅಂಟಿಕೊಂಡು, ಅಂಚೆಲ್ಲ ಗೆರೆ ಎಳೆದಷ್ಟು ಸ್ಪಷ್ಟವಾಗಿ ಹೊಳೆಯುತ್ತಿದ್ದವು. ಫೋಟೊ ತೆಗೆದು ಗ್ರೂಪಿಗೂ ಹಾಕಿಬಿಟ್ಟೆ.

ನಮ್ಮಲ್ಲಿ ಒಬ್ಬ ಸೀನಿಯರ್ ಟೆಕ್ನಿಷಿಯನ್ ಇದ್ದರು, ಎಲ್ಲರಿಗೂ ಅವರು ‘ಅಣ್ಣ’. ಬಂದು ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬಿತ್ತನೆ ರಾಗೀನೇ ಬೀಸಿ ಮುದ್ದೆ ಕಟ್ಟಿಟ್ಟಿದ್ದೀಯಲ್ಲಮ್ಮ" ಅಂದರು.

ಆಗ ನಾನು ಕೆಲಸಕ್ಕೆ ಸೇರಿ ಏಳೇ ತಿಂಗಳು. ಮನುಷ್ಯರ ಚರ್ಮದ ಕೆರಟಿನೋಸೈಟ್‌ಗಳನ್ನು, ಅಂದರೆ ಹೊರಚರ್ಮದ ಕೋಶಗಳನ್ನು, ಬೆಳೆಸಿ ಕೊಡುವುದು ನನ್ನ ಪಾಲಿನ ಕೆಲಸ. ಆಪರೇಷನ್‌ನಲ್ಲಿ ಉಳಿಯುವ ಚರ್ಮದ ತುಂಡನ್ನು ರೋಗಿಯ ಒಪ್ಪಿಗೆ ಪಡೆದು ತರುತ್ತಾರೆ. ಅದರ ಹೊರಚರ್ಮ ಬಿಡಿಸಿ, ಕೋಶ ಬೇರೆ ಮಾಡಿ, ಒಂದಷ್ಟನ್ನು ಲಿಕ್ವಿಡ್ ನೈಟ್ರೋಜನ್ ಟ್ಯಾಂಕಿನಲ್ಲಿಟ್ಟು ಉಳಿದದ್ದನ್ನು ಬೆಳೆಸುತ್ತೇವೆ. ಆ ಡಿಶ್‌ಗಳಿಗಾಗಿ ಒಬ್ಬ ಪಿಎಚ್‌.ಡಿ. ಹುಡುಗ ಎರಡು ತಿಂಗಳಿಂದ ಕಾಯುತ್ತಿದ್ದ. ಅವನಿಗೆ ಬೇಕಾಗಿದ್ದುದು ಬರೀ ಕೋಶವಲ್ಲ, ಮತ್ತೆ ಮತ್ತೆ ತನ್ನಂಥದ್ದನ್ನೇ ಹುಟ್ಟಿಸಬಲ್ಲ ಆಕರಕೋಶ. (ಪಠ್ಯಪುಸ್ತಕದ ‘ಕಾಂಡಕೋಶ’ ನನಗೆ ಯಾವತ್ತೂ ರುಚಿಸಿಲ್ಲ. ಗಿಡದ ಪಾಠ ಅನ್ನಿಸುತ್ತದೆ.)

ಆಗಿದ್ದಿಷ್ಟು. ಗುರುವಾರ ಸಂಜೆ ಊರಿನ ಬಸ್ಸಿಗೆ ಹೊತ್ತಾಗಿತ್ತು. ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಡಿಶ್‌ಗೆ ಅಂಟಿದ್ದ ಕೋಶ ಬಿಡಿಸಿದೆ. ಟ್ರಿಪ್ಸಿನ್ ನಿಲ್ಲಿಸಲು ಸೀರಮ್ (ರಕ್ತದ ತಿಳಿದ್ರವ) ಇರುವ ಮಾಮೂಲಿ ಮೀಡಿಯಾ, ಅಂದರೆ ಕೋಶ ಬೆಳೆಸುವ ದ್ರವ, ಹಾಕಿದೆ. ಇದಾದ ಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ದ್ರವ ಚೆಲ್ಲಿ, ಹೊಸ ಮೀಡಿಯಾದಲ್ಲಿ ಕದಡಬೇಕು. ಐದು ನಿಮಿಷದ ಕೆಲಸ. ಬಿಟ್ಟೆ. ಆ 2 ಮಿಲಿ ದ್ರವವನ್ನು ಹಾಗೇ 8 ಮಿಲಿ ಕೆರಟಿನೋಸೈಟ್ ಮೀಡಿಯಾಕ್ಕೆ ಸುರಿದೆ. ಸಾಲದ್ದಕ್ಕೆ, ವಾಪಸ್ ಬರುವಷ್ಟರಲ್ಲಿ ಡಿಶ್ ತುಂಬಿರಲಿ ಅಂತ ಕೋಶಗಳನ್ನೂ ಎರಡರಷ್ಟು ಹಾಕಿದೆ.

ಲೆಕ್ಕ ಹಾಕಿದ್ದು ಆಮೇಲೆ. ನಮ್ಮ ಮೀಡಿಯಾದಲ್ಲಿ ಕ್ಯಾಲ್ಸಿಯಂ 0.06 ಮಿಲಿಮೋಲಾರ್. ಆ ಸೀರಮ್ ಮೀಡಿಯಾದಲ್ಲಿ 1.8. ಎರಡೂ ಸೇರಿ ಡಿಶ್‌ನಲ್ಲಿ ಸುಮಾರು 0.4 ಆಗಿತ್ತು. ಇರಬೇಕಾದ್ದಕ್ಕಿಂತ ಆರು ಪಟ್ಟಿಗೂ ಹೆಚ್ಚು. ಬೇರೆ ಕೋಶಗಳಾಗಿದ್ದರೆ ಗಮನಿಸುತ್ತಲೂ ಇರಲಿಲ್ಲ. ಚರ್ಮದ ಕೋಶಕ್ಕೆ ಮಾತ್ರ ಕ್ಯಾಲ್ಸಿಯಂ ಅಂದರೆ ಮೇಲಿಂದ ಬಂದ ವರ್ಗಾವಣೆ ಆದೇಶ. ನಮ್ಮ ಮೈಯಲ್ಲೂ ಹೊರಚರ್ಮದ ತಳದ ಸಾಲಿನಲ್ಲಿ ಅದು ಕಡಿಮೆ, ಮೇಲೆ ಹೋದಂತೆ ಜಾಸ್ತಿ. ಕಡಿಮೆ ಕ್ಯಾಲ್ಸಿಯಂ ಕೊಟ್ಟರೆ ಇಲಿಯ ಚರ್ಮದ ಕೋಶಗಳು ತಳದ ಸಾಲಿನವಾಗಿಯೇ ಉಳಿಯುತ್ತವೆ, ಏರಿಸಿದರೆ ಬಲಿಯತೊಡಗುತ್ತವೆ ಎಂಬುದು 1980ರಲ್ಲೇ ಪ್ರಕಟವಾದ ವಿಷಯ. ಅದನ್ನು ಓದಿದ್ದೆ. ಸೆಮಿನಾರ್ ಕೂಡ ಕೊಟ್ಟಿದ್ದೆ!

ಗುರುವಾರದಿಂದ ಮಂಗಳವಾರದೊಳಗೆ ಆ ಕೋಶಗಳ ಒಳಗೆ ಏನು ನಡೆದಿತ್ತು ಎಂಬುದು ನನಗೆ ಸರಿಯಾಗಿ ಅರ್ಥವಾಗಿದ್ದು ಡಿಶ್ ಹಾಳಾದ ಮೇಲೆ. ತಳದ ಸಾಲಿನ ಕೋಶಕ್ಕೂ ಅದರಿಂದ ಹುಟ್ಟಿ ಮೇಲೇರುವ ಕೋಶಕ್ಕೂ ಇರುವುದು ಅವೇ ಜೀನ್‌ಗಳು. ತಳದಲ್ಲಿದ್ದಾಗ ಕೆರಟಿನ್ 5 ಮತ್ತು 14 ಎಂಬ ಪ್ರೋಟೀನ್‌ಗಳ ಜೀನ್‌ಗಳು ಓಡುತ್ತಿರುತ್ತವೆ. ಒಂದು ಮೆಟ್ಟಿಲು ಮೇಲೆ ಹೋದರೆ ಕೆರಟಿನ್ 1 ಮತ್ತು 10, ಇನ್ನೂ ಮೇಲೆ ಲೋರಿಕ್ರಿನ್, ಫಿಲಾಗ್ರಿನ್. ಕೊನೆಗೆ ಸತ್ತ ಪದರವಾಗಿ ಉದುರುತ್ತದೆ. ಹೆಚ್ಚುಕಡಿಮೆ ನಾಲ್ಕು ವಾರದ ಪಯಣ. ತಳದ ಸಾಲಿನ ಯಜಮಾನ p63 ಎಂಬ ಪ್ರೋಟೀನ್. ಅದಿಲ್ಲದ ಇಲಿಮರಿಗಳು ಪದರಪದರವಾದ ಚರ್ಮವೇ ಇಲ್ಲದೆ ಹುಟ್ಟಿ, ಮೈಯ ನೀರು ಆರಿ ಸಾಯುತ್ತವೆ ಎಂದು 1999ರಲ್ಲಿ ಎರಡು ತಂಡಗಳು ತೋರಿಸಿದವು. ಹಾಗಾಗಿ ನನ್ನ ತಲೆಯಲ್ಲಿ ಕೂತಿದ್ದ ಚಿತ್ರ ಒಂದು ಸ್ವಿಚ್ಚಿನದು: p63 ಆನ್, ಆಕರಕೋಶ ತಯಾರ್.

ಕೆಲಸದ ಮುಕ್ಕಾಲು ಪಾಲು ತಡೆದು ಹಿಡಿಯುವುದು ಎಂಬುದು ಹೊಳೆದಿರಲಿಲ್ಲ. ಬಲಿಯುವ ಜೀನ್‌ಗಳೆಲ್ಲ ತಳದ ಕೋಶದಲ್ಲೇ ಕೈಯಳತೆಯಲ್ಲಿವೆ. EZH2 ಎಂಬ ಕಿಣ್ವ ಆ ಜೀನ್‌ಗಳು ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್‌ಗಳಿಗೆ ಮೀಥೈಲ್ ಗುರುತು ಒತ್ತಿ ‘ಈಗಲ್ಲ’ ಎಂದು ಮುಚ್ಚಿಡುತ್ತದೆ. ಕೋಶ ಎರಡಾದಾಗ ಡಿಎನ್‌ಎ ಮೇಲಿನ ಗುರುತುಗಳನ್ನು ಹೊಸ ಎಳೆಗೂ ನಕಲು ಮಾಡುವುದು DNMT1 ಎಂಬ ಇನ್ನೊಂದು ಕಿಣ್ವ. ಅದನ್ನು ತೆಗೆದರೆ ಹೊರಚರ್ಮದ ಕೋಶಗಳು ಹೊತ್ತಿಗೆ ಮುಂಚೆ ಬಲಿತು ತಳವೇ ಖಾಲಿಯಾಗುತ್ತದೆ ಎಂದು 2010ರಲ್ಲಿ ಗೊತ್ತಾಯಿತು. ಇನ್ನೊಂದು ಕಡೆ ನಾಚ್ ಎಂಬ ಸಂಕೇತ ಬಲಿಯುವ ಕಡೆಗೆ ನೂಕುತ್ತಿರುತ್ತದೆ, p63 ಅದನ್ನು ಒತ್ತಿ ಹಿಡಿಯುತ್ತದೆ, ನಾಚ್ ಗೆದ್ದರೆ p63 ಇಳಿಯುತ್ತದೆ. ಆಕರಕೋಶ ಸುಮ್ಮನೆ ಕೂತಿರುತ್ತದೆ ಎಂದುಕೊಂಡಿದ್ದೆ ನಾನು. ಕೂತಿರುವುದಕ್ಕೇ ಅದಕ್ಕೆ ಇಷ್ಟು ಪಾಡು. ನಾನು ಕ್ಯಾಲ್ಸಿಯಂ ಸುರಿದು, ಜಾಗವಿಲ್ಲದಷ್ಟು ಒತ್ತಿಟ್ಟು, ಎಲ್ಲ ತಡೆಗಳನ್ನೂ ಒಂದೇ ರಜೆಯಲ್ಲಿ ತೆಗೆಸಿದ್ದೆ. ನಾನು ಮೆಚ್ಚಿ ಫೋಟೊ ತೆಗೆದ ಹೊಳೆಯುವ ಅಂಚುಗಳು ಕೋಶಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡ ಗುರುತು, ಬಲಿಯುವುದರ ಮೊದಲ ಲಕ್ಷಣ.

ಅಣ್ಣನ ಮಾತು ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. "ಸ್ವಲ್ಪ ದಿನ ಕಡಿಮೆ ಕ್ಯಾಲ್ಸಿಯಂನಲ್ಲಿಟ್ಟರೆ ಸರಿಹೋಗಲ್ವಾ?" ಅಂದೆ. "ಬೀಸಿ ಆಯ್ತಲ್ಲಮ್ಮ. ಬೇಕಾದ್ರೆ ಕಾಲನಿ ಹಾಕಿ ನೋಡು" ಅಂದರು. ಹಾಕಿದೆ. 1987ರಲ್ಲಿ ಬರಾಂಡನ್ ಮತ್ತು ಗ್ರೀನ್ ತೋರಿಸಿಕೊಟ್ಟ ದಾರಿಯದು. ಒಂದೊಂದು ಕೋಶದಿಂದ ಎಂಥ ಕಾಲನಿ ಬರುತ್ತದೆ ಎಂದು ನೋಡಬೇಕು. ದೊಡ್ಡದಾಗಿ, ನುಣ್ಣಗಿನ ಅಂಚಿನಿಂದ ಹರಡುವ ಕಾಲನಿ ಹೋಲೋಕ್ಲೋನಿನ ಸುಳಿವು, ಅದೇ ಆಕರಕೋಶದ ಮನೆತನ. ಸಣ್ಣಗೆ ಸುಕ್ಕುಗಟ್ಟಿ ನಿಂತುಹೋಗುವುದು ಪ್ಯಾರಾಕ್ಲೋನ್. ನಡುವೆ ಮೀರೋಕ್ಲೋನ್. ಹಳೆಯ ಬ್ಯಾಚಿನ 500, ನನ್ನವು 500 ಬಿತ್ತಿ, 12 ದಿನ ಕಾದು, ರೋಡಮೀನ್ ಬಣ್ಣ ಹಾಕಿ ತೊಳೆದೆ. ಹಳೆಯದರಲ್ಲಿ ರೂಪಾಯಿ ನಾಣ್ಯದಂಥ ಗುಲಾಬಿ ಚುಕ್ಕೆಗಳು. ನನ್ನದರಲ್ಲಿ ಸಾಸಿವೆ ಚೆಲ್ಲಿದ ಹಾಗೆ ಏಳೆಂಟು. ಜೀನ್ ಎಷ್ಟು ಓಡುತ್ತಿದೆ ಎಂದು ಅಳೆಯುವ ಪಿಸಿಆರ್‌ನಲ್ಲಿ ಕೆರಟಿನ್ 10 ಐದು ಸೈಕಲ್ ಮುಂಚೆ ಬಂತು, ಸೈಕಲ್‌ಗೊಮ್ಮೆ ಎರಡರಷ್ಟಾಗುವುದರಿಂದ 32 ಪಟ್ಟು. p63 ಕಾಲುಭಾಗಕ್ಕೆ ಇಳಿದಿತ್ತು.

ಡಿಶ್ ತುಂಬ ಜೀವಂತ ಕೋಶ, ಬಿತ್ತಲು ಒಂದು ಕಾಳಿಲ್ಲ.

ಇದು ಬರೀ ಲ್ಯಾಬಿನ ಕಥೆಯಾಗಿದ್ದರೆ ಇಷ್ಟು ಕಾಡುತ್ತಿರಲಿಲ್ಲ. 1975ರಲ್ಲಿ ರೈನ್‌ವಾಲ್ಡ್ ಮತ್ತು ಗ್ರೀನ್ ಚರ್ಮದ ಕೋಶ ಬೆಳೆಸುವ ವಿಧಾನ ಕಂಡುಕೊಂಡರು. 1983ರಲ್ಲಿ ಮೈಯ ಶೇ 95ಕ್ಕೂ ಹೆಚ್ಚು ಸುಟ್ಟಿದ್ದ 5 ಮತ್ತು 6 ವರ್ಷದ ಅಣ್ಣತಮ್ಮಂದಿರಿಗೆ ಬಾಸ್ಟನ್‌ನಲ್ಲಿ ಹೀಗೆ ಬೆಳೆಸಿದ ಅವರದೇ ಚರ್ಮ ಹಾಕಿ ಬದುಕಿಸಿದರು. 2015ರಲ್ಲಿ ಜರ್ಮನಿಯಲ್ಲಿ 7 ವರ್ಷದ ಸಿರಿಯನ್ ಹುಡುಗನೊಬ್ಬನಿಗೆ LAMB3 ಜೀನಿನ ದೋಷದಿಂದ ಹೊರಚರ್ಮ ಒಳಚರ್ಮಕ್ಕೆ ಅಂಟದೆ ಸುಲಿದುಹೋಗುತ್ತಿತ್ತು. ಅವನ ತೊಡೆಸಂದಿಯಿಂದ 4 ಚದರ ಸೆಂಟಿಮೀಟರ್ ಚರ್ಮ ತೆಗೆದು, ಇಟಲಿಯ ಮೊಡೆನಾದಲ್ಲಿ ಮಿಕೇಲೆ ಡಿ ಲೂಕಾ ಅವರ ತಂಡ ಸರಿಯಾದ ಜೀನ್ ಸೇರಿಸಿ ಬೆಳೆಸಿತು. ಮೈಯ ಸುಮಾರು ಶೇ 80ರಷ್ಟು ಭಾಗಕ್ಕೆ ಹೊಸ ಹೊರಚರ್ಮ ಬಂತು. ಜೀನ್ ಹೊತ್ತ ವೈರಸ್ ಒಂದೊಂದು ಕೋಶದಲ್ಲಿ ಒಂದೊಂದು ಜಾಗದಲ್ಲಿ ಸೇರಿಕೊಳ್ಳುವುದರಿಂದ ಯಾವ ಕೋಶದ ವಂಶ ಉಳಿಯಿತು ಎಂದು ಹುಡುಕಬಹುದಿತ್ತು. ತಿಂಗಳುಗಳು ಕಳೆದ ಮೇಲೆ ನೋಡಿದರೆ ಬಹುಪಾಲು ವಂಶಗಳು ಮಾಯ. ಇಡೀ ಚರ್ಮವನ್ನು ನಡೆಸುತ್ತಿದ್ದುದು ಹೋಲೋಕ್ಲೋನ್‌ನ ಕೆಲವೇ ಕೋಶಗಳು. ನನ್ನ ಮಂಗಳವಾರದ ಡಿಶ್ಶನ್ನು ಯಾರ ಮೈಗಾದರೂ ಹಾಕಿದ್ದರೆ? ಮೊದಲ ವಾರ ಚೆನ್ನಾಗಿಯೇ ಕಂಡು, ಆಮೇಲೆ ಉದುರಿಹೋಗುತ್ತಿತ್ತು.

ಲ್ಯಾಬಿನ ಮುಖ್ಯಸ್ಥೆ ಮೇಡಂ ಬೈಯಲಿಲ್ಲ. ಫೋಟೊದ ಕೆಳಗೆ ‘ಕನ್‌ಫ್ಲುಯೆಂಟ್ (ತುಂಬಿದೆ), ಡಿಫರೆನ್ಷಿಯೇಟೆಡ್ (ಬಲಿತಿದೆ), ತಪ್ಪಿನ ಕಾರಣ ಬರೆ’ ಅಂತಷ್ಟೇ ಹಾಕಿದರು. ಬರೆದೆ, ಬಸ್ಸಿನ ವಿಷಯವನ್ನೂ ಬಿಡದೆ. ಪಿಎಚ್‌.ಡಿ. ಹುಡುಗ ಮಾತ್ರ ಒಂದು ವಾರ ನನ್ನ ಜತೆ ಊಟಕ್ಕೆ ಬರಲಿಲ್ಲ. ಟ್ಯಾಂಕಿನಲ್ಲಿ ಅದೇ ರೋಗಿಯ ಮೂರು ವಯಲ್ ಉಳಿದಿದ್ದವು. ಒಂದನ್ನು ಕರಗಿಸಿ ಮೊದಲಿಂದ ಶುರು ಮಾಡಿದೆ.

ಟ್ರಿಪ್ಸಿನ್ ನಿಲ್ಲಿಸಲು ನಾನೀಗ ಸೋಯಾಬೀನ್‌ನಿಂದ ತೆಗೆದ ಇನ್‌ಹಿಬಿಟರ್ ಬಳಸುತ್ತೇನೆ. ಸೀರಮ್ ಬಾಟಲಿಗೆ ಬೇರೆ ಶೆಲ್ಫು. ಹೊಸಬರು ತುಂಬಿದ ಡಿಶ್ ತಂದು ತೋರಿಸಿದರೆ ಕಾಲನಿ ಹಾಕಿಸುತ್ತೇನೆ, 12 ದಿನ ಅವರೂ ಕಾಯಲಿ. ಕಳೆದ ಯುಗಾದಿಯ ದಿನ ಒಬ್ಬಟ್ಟಿನ ಹೂರಣ ಅಮ್ಮನಿಗೆ ಬಿಟ್ಟು ಎಂಟು ಗಂಟೆಗೆ ಲ್ಯಾಬಿಗೆ ಬಂದೆ. ಡಿಶ್ ಶೇ 65ರಷ್ಟು ತುಂಬಿತ್ತು. ಕೋಶಗಳ ನಡುವೆ ಇನ್ನೂ ಸಂದಿಗಳಿದ್ದವು. ಅಲ್ಲಲ್ಲಿ ಖಾಲಿ, ನೋಡಲು ಏನೇನೂ ಚೆನ್ನಾಗಿರಲಿಲ್ಲ. ಬಿಡಿಸಿ, ತಿರುಗಿಸಿ, ನಾಲ್ಕು ಡಿಶ್‌ಗೆ ಹಂಚಿ, ಹತ್ತೂವರೆಗೆ ಮನೆಗೆ ಹೋದೆ.